ಹೊಸ ಕ್ರೆಡಿಟ್ ಕಾರ್ಡ್ ತೆಗೆದುಕೊಂಡರೆ ಸಿಬಿಲ್ ಸ್ಕೋರಿಗೆ ಏನಾಗುತ್ತದೆ? ಅರ್ಜಿ ಹಾಕುವ ಮೊದಲು ಮತ್ತು ಆಮೇಲೆ ನೋಡಬೇಕಾದ ಹಂತಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರಿಂದ ಮತ್ತೆ ಮತ್ತೆ ಬರುತ್ತಿರುವ ಪ್ರಶ್ನೆ ಇದು: "ಹೊಸ ಕ್ರೆಡಿಟ್ ಕಾರ್ಡ್ ತೆಗೆದುಕೊಂಡರೆ ಸಿಬಿಲ್ ಸ್ಕೋರ್ ಬಿದ್ದುಹೋಗುತ್ತದೆಯಂತೆ, ನಿಜವೇ?" ವಸಂತನರಸಾಪುರದ ಅಥವಾ ನರಸಾಪುರದ ಕಾರ್ಖಾನೆಗೆ ಸೇರಿ ಮೊದಲ ಬಾರಿಗೆ ಸಂಬಳದ ಖಾತೆ ತೆರೆದ ಹುಡುಗರು ಇದನ್ನು ಕೇಳುತ್ತಾರೆ. ಸೈಟು ಕೊಂಡು ಮನೆ ಕಟ್ಟಲು ಸಾಲಕ್ಕೆ ಓಡಾಡುತ್ತಿರುವ ನೌಕರರೂ ಕೇಳುತ್ತಾರೆ. ಇಬ್ಬರ ಪ್ರಶ್ನೆಯೂ ಒಂದೇ ಆದರೂ ಇಬ್ಬರಿಗೂ ಒಂದೇ ಉತ್ತರ ಹೊಂದುವುದಿಲ್ಲ. ಆದ್ದರಿಂದ ಇಡೀ ವಿಷಯವನ್ನು ಹಂತ ಹಂತವಾಗಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲಿಗೆ ಚಿಕ್ಕ ಉತ್ತರ. ಹೌದು, ಹೊಸ ಕಾರ್ಡಿಗೆ ಅರ್ಜಿ ಹಾಕಿದಾಗ ಸ್ಕೋರ್ ಸಾಮಾನ್ಯವಾಗಿ ಕೆಲವು ಅಂಕ ಇಳಿಯುತ್ತದೆ. ಶಿಸ್ತಿನಿಂದ ಕಟ್ಟಿಕೊಂಡು ಬಂದವರಿಗೆ ಈ ಇಳಿಕೆ ಕೆಲವು ತಿಂಗಳಲ್ಲಿ ತುಂಬಿಕೊಳ್ಳುತ್ತದೆ, ಮುಂದೆ ಅದೇ ಕಾರ್ಡಿನಿಂದ ಸ್ಕೋರ್ ಮೊದಲಿಗಿಂತ ಮೇಲೇರುವುದೂ ಉಂಟು. ದೀರ್ಘಕಾಲದ ಹಾನಿ ಆಗುವುದು ಕಾರ್ಡ್ ತೆಗೆದುಕೊಂಡದ್ದರಿಂದಲ್ಲ. ತಪ್ಪು ಸಮಯದಲ್ಲಿ ತೆಗೆದುಕೊಂಡದ್ದರಿಂದ, ಒಟ್ಟಿಗೆ ಹಲವು ಕಡೆ ಅರ್ಜಿ ಹಾಕಿದ್ದರಿಂದ, ಬಂದ ಕಾರ್ಡಿನ ಬಿಲ್ಲನ್ನು ಗಡುವಿನೊಳಗೆ ಕಟ್ಟದೆ ಹೋದದ್ದರಿಂದ.

ಮೊದಲು ತಿಳಿದಿರಬೇಕಾದದ್ದು

ನಾವು ಮಾತಿನಲ್ಲಿ ಎಲ್ಲವನ್ನೂ 'ಸಿಬಿಲ್' ಎನ್ನುತ್ತೇವೆ. ಆದರೆ ಭಾರತದಲ್ಲಿ ಸಾಲದ ಮಾಹಿತಿಯನ್ನು ಸಂಗ್ರಹಿಸುವ ಸಂಸ್ಥೆಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ಇವು 2005ರ ಸಾಲ ಮಾಹಿತಿ ಸಂಸ್ಥೆಗಳ ಕಾಯ್ದೆಯಡಿ, ರಿಸರ್ವ್ ಬ್ಯಾಂಕಿನ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತವೆ. ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು, ಮೈಕ್ರೋಫೈನಾನ್ಸ್ ಸಂಸ್ಥೆಗಳು ನಿಮ್ಮ ಸಾಲದ ವಿವರವನ್ನು ಇವುಗಳಿಗೆ ಕಳುಹಿಸುತ್ತಿರುತ್ತವೆ. ಆ ವಿವರದ ಪಟ್ಟಿಯೇ ಕ್ರೆಡಿಟ್ ರಿಪೋರ್ಟ್, ಅಂದರೆ ಸಾಲದ ವರದಿ. ಆ ವರದಿಯನ್ನು ಲೆಕ್ಕ ಹಾಕಿ ತೆಗೆದ 300ರಿಂದ 900ರವರೆಗಿನ ಅಂಕವೇ ಸ್ಕೋರ್. ನಾಲ್ಕು ಸಂಸ್ಥೆಗಳ ಲೆಕ್ಕಾಚಾರ ಬೇರೆ ಬೇರೆಯಾದ್ದರಿಂದ ಒಬ್ಬರದೇ ಸ್ಕೋರ್ ಒಂದರಲ್ಲಿ 760, ಇನ್ನೊಂದರಲ್ಲಿ 735 ಇದ್ದರೆ ಗಾಬರಿಪಡಬೇಕಾಗಿಲ್ಲ. ಸಾಮಾನ್ಯವಾಗಿ 750ರ ಮೇಲಿದ್ದರೆ ಬ್ಯಾಂಕುಗಳು ಒಳ್ಳೆಯದೆಂದು ಪರಿಗಣಿಸುತ್ತವೆ.

ಹೊಸ ಕಾರ್ಡ್ ಈ ಅಂಕವನ್ನು ನಾಲ್ಕು ದಾರಿಗಳಲ್ಲಿ ಮುಟ್ಟುತ್ತದೆ. ಒಂದನೆಯದು ವಿಚಾರಣೆ, ಅಂದರೆ ಎನ್‌ಕ್ವೈರಿ: ನೀವು ಅರ್ಜಿ ಹಾಕಿದ ಕೂಡಲೇ ಬ್ಯಾಂಕು ನಿಮ್ಮ ವರದಿಯನ್ನು ತರಿಸಿ ನೋಡುತ್ತದೆ, ನೋಡಿದ್ದು ವರದಿಯಲ್ಲಿ ದಾಖಲಾಗುತ್ತದೆ. ಎರಡನೆಯದು ಖಾತೆಗಳ ಸರಾಸರಿ ವಯಸ್ಸು. ನಿಮ್ಮಲ್ಲಿ ಆರು ವರ್ಷದ ಹಳೆಯ ಕಾರ್ಡ್ ಒಂದೇ ಇದ್ದರೆ ಸರಾಸರಿ ವಯಸ್ಸು ಆರು ವರ್ಷ. ಇವತ್ತು ಇನ್ನೊಂದು ಬಂದರೆ ಅದು ಮೂರು ವರ್ಷಕ್ಕೆ ಇಳಿಯುತ್ತದೆ. ಮೂರನೆಯದು ಲಿಮಿಟ್ ಬಳಕೆಯ ಪ್ರಮಾಣ: ಕಾರ್ಡಿನಲ್ಲಿ ಖರ್ಚು ಮಾಡಲು ನಿಮಗೆ ಕೊಟ್ಟಿರುವ ಒಟ್ಟು ಮಿತಿಯಲ್ಲಿ, ಅಂದರೆ ಲಿಮಿಟ್‌ನಲ್ಲಿ ನೀವು ಶೇಕಡ ಎಷ್ಟನ್ನು ಬಳಸಿಕೊಂಡಿದ್ದೀರಿ ಎಂಬುದು. ಖರ್ಚು ಏರಿಸದಿದ್ದರೆ ಇದು ಹೊಸ ಕಾರ್ಡಿನಿಂದ ನಿಮಗೆ ಅನುಕೂಲವಾಗಿಯೇ ಬದಲಾಗುತ್ತದೆ. ನಾಲ್ಕನೆಯದು, ಎಲ್ಲಕ್ಕಿಂತ ಭಾರವಾದದ್ದು, ಮರುಪಾವತಿಯ ಚರಿತ್ರೆ: ಪ್ರತಿ ತಿಂಗಳ ಬಿಲ್ಲನ್ನು ಗಡುವಿನೊಳಗೆ ಕಟ್ಟಿದ್ದೀರೋ ಇಲ್ಲವೋ ಎಂಬುದು.

ಮೊದಲ ಎರಡರ ಪೆಟ್ಟು ಸಣ್ಣದು, ಕಾಲಕ್ರಮದಲ್ಲಿ ಮಾಯುವಂಥದ್ದು. ಕೊನೆಯ ಎರಡು ನಿಮ್ಮ ಕೈಯಲ್ಲೇ ಇವೆ. ಯಾವುದಕ್ಕೆ ಶೇಕಡ ಎಷ್ಟು ತೂಕ ಎಂದು ಅಂತರ್ಜಾಲದಲ್ಲಿ ಓಡಾಡುವ 35, 30, 15, 10, 10 ಎಂಬ ಪಟ್ಟಿ ಅಮೆರಿಕದ ಫೈಕೋ ಸ್ಕೋರಿನದು. ಅದನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಿ ಲೆಕ್ಕ ಹಾಕುತ್ತ ಕೂರಬೇಡಿ.

ಹಂತ 1: ಅರ್ಜಿಗೆ ಮೊದಲು ನಿಮ್ಮ ವರದಿಯನ್ನು ನೀವೇ ಓದಿ

ಪ್ಯಾನ್ ಕಾರ್ಡ್, ಅದಕ್ಕೆ ಹೊಂದುವ ಹೆಸರು, ಹುಟ್ಟಿದ ದಿನಾಂಕ ಮತ್ತು ಬ್ಯಾಂಕಿಗೆ ಕೊಟ್ಟಿರುವ ಮೊಬೈಲ್ ಸಂಖ್ಯೆ ಇಷ್ಟಿದ್ದರೆ ಸಾಕು. ರಿಸರ್ವ್ ಬ್ಯಾಂಕಿನ ಆದೇಶದಂತೆ 2017ರ ಜನವರಿಯಿಂದ ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಮ್ಮೆ ಸ್ಕೋರ್ ಸಮೇತ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ನಾಲ್ಕು ಸಂಸ್ಥೆಗಳೆಂದರೆ ವರ್ಷಕ್ಕೆ ನಾಲ್ಕು ಉಚಿತ ವರದಿ. ಸಂಸ್ಥೆಯ ಸ್ವಂತ ಜಾಲತಾಣದಲ್ಲೇ ಪಡೆಯಿರಿ. ಅಲ್ಲಿ ತಿಂಗಳ ಅಥವಾ ವರ್ಷದ ಚಂದಾ ಯೋಜನೆಗಳು ಎದುರಿಗೆ ಬರುತ್ತವೆ. ಅವನ್ನು ದಾಟಿ ಉಚಿತ ವಾರ್ಷಿಕ ವರದಿಯ ಕೊಂಡಿಯನ್ನು ಹುಡುಕಿ ಒತ್ತಿ.

ತಮ್ಮ ಸ್ಕೋರನ್ನು ತಾವೇ ನೋಡಿದರೆ ಅಂಕ ಕಡಿಮೆಯಾಗುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ಅದು ತಪ್ಪು. ನೀವೇ ನೋಡುವುದನ್ನು ಸಾಫ್ಟ್ ಎನ್‌ಕ್ವೈರಿ ಎನ್ನುತ್ತಾರೆ, ಅದು ಸ್ಕೋರನ್ನು ಮುಟ್ಟುವುದಿಲ್ಲ. ಸಾಲ ಕೊಡುವವರು ನಿಮ್ಮ ಅರ್ಜಿಯ ಮೇಲೆ ನೋಡುವುದು ಹಾರ್ಡ್ ಎನ್‌ಕ್ವೈರಿ. ಲೆಕ್ಕಕ್ಕೆ ಬರುವುದು ಅದೊಂದೇ.

ವರದಿ ಕೈಗೆ ಬಂದ ಮೇಲೆ ಹೆಚ್ಚಿನವರು ಅಂಕವನ್ನಷ್ಟೇ ನೋಡಿ ಮುಚ್ಚಿಬಿಡುತ್ತಾರೆ. ಹಾಗೆ ಮಾಡಬೇಡಿ. ಪ್ರತಿ ಸಾಲದ ಕೆಳಗೆ ತಿಂಗಳುವಾರು ಸಣ್ಣ ಸಣ್ಣ ಚೌಕಗಳ ಸಾಲು ಇರುತ್ತದೆ. ಸಿಬಿಲ್ ವರದಿಯಲ್ಲಿ 36 ತಿಂಗಳವರೆಗಿನದು ಕಾಣುತ್ತದೆ. ಇದನ್ನು ಡಿಪಿಡಿ ಎನ್ನುತ್ತಾರೆ, ಗಡುವು ದಾಟಿದ ಮೇಲೆ ಎಷ್ಟು ದಿನ ಬಾಕಿ ಉಳಿಯಿತು ಎಂಬ ಲೆಕ್ಕ ಅದು. ಚೌಕದಲ್ಲಿ 000 ಇದ್ದರೆ ಆ ತಿಂಗಳು ಸಮಯಕ್ಕೆ ಕಟ್ಟಿದ್ದೀರಿ. 030 ಇದ್ದರೆ 30 ದಿನ ತಡ. ಎಸ್‌ಟಿಡಿ ಎಂದಿದ್ದರೆ ಖಾತೆ ಸರಿಯಾಗಿ ನಡೆಯುತ್ತಿದೆ, ಅಂದರೆ 90 ದಿನ ಮೀರಿದ ಬಾಕಿಯಿಲ್ಲ. ಎಕ್ಸ್‌ಎಕ್ಸ್‌ಎಕ್ಸ್ ಎಂದಿದ್ದರೆ ಆ ತಿಂಗಳ ಮಾಹಿತಿಯನ್ನು ಸಾಲ ಕೊಟ್ಟವರು ಕಳುಹಿಸಿಲ್ಲ, ಅದಕ್ಕೆ ಹೆದರಬೇಕಾಗಿಲ್ಲ. ಖಾತೆಯ ಸ್ಥಿತಿಯ ಜಾಗದಲ್ಲಿ 'ಸೆಟಲ್ಡ್' ಅಥವಾ 'ರಿಟನ್ ಆಫ್' ಎಂದಿದ್ದರೆ ಮಾತ್ರ ಅಲ್ಲಿಯೇ ನಿಂತು ಯೋಚಿಸಿ. ವಸೂಲಾಗದೆಂದು ಬ್ಯಾಂಕು ತನ್ನ ಲೆಕ್ಕದಿಂದ ತೆಗೆದ ಸಾಲಕ್ಕೆ 'ರಿಟನ್ ಆಫ್' ಎಂದಿರುತ್ತದೆ. ಬ್ಯಾಂಕಿನೊಂದಿಗೆ ರಾಜಿಯಾಗಿ ಕಡಿಮೆ ಮೊತ್ತ ಕಟ್ಟಿ ಮುಗಿಸಿದ ಸಾಲಕ್ಕೆ 'ಸೆಟಲ್ಡ್' ಎಂದು ಬೀಳುತ್ತದೆ. ಸಾಲ ತೀರಿತೆಂದು ನಿಮಗೆ ಅನ್ನಿಸಿದರೂ ಮುಂದಿನ ಬ್ಯಾಂಕು ಅದನ್ನು ಪೂರ್ತಿ ತೀರದ ಸಾಲವೆಂದೇ ಓದುತ್ತದೆ. ಇಂಥ ದಾಖಲೆಯನ್ನು ಹಾಗೆಯೇ ಇಟ್ಟುಕೊಂಡು ಹೊಸ ಕಾರ್ಡಿಗೆ ಅರ್ಜಿ ಹಾಕಿದರೆ ಒಂದು ಎನ್‌ಕ್ವೈರಿ ದಂಡವಾಗುವುದೇ ಹೆಚ್ಚು.

ನಮ್ಮ ಭಾಗದಲ್ಲಿ ವಿಶೇಷವಾಗಿ ನೋಡಬೇಕಾದವು ಇನ್ನೂ ಕೆಲವಿವೆ. ಬೆಳೆಸಾಲ, ಚಿನ್ನದ ಮೇಲಿನ ಸಾಲ, ಮೈಕ್ರೋಫೈನಾನ್ಸಿನಿಂದ ಹೆಂಗಸರ ಗುಂಪಿನಲ್ಲಿ ಪಡೆದ ಸಾಲ, ಮೊಬೈಲ್ ಅಂಗಡಿಯಲ್ಲಿ ಬಡ್ಡಿಯಿಲ್ಲದ ಕಂತಿನಲ್ಲಿ ತೆಗೆದುಕೊಂಡ ಫೋನು, ಇವೆಲ್ಲವೂ ವರದಿಯಲ್ಲಿ ಪ್ರತ್ಯೇಕ ಸಾಲಗಳಾಗಿಯೇ ಕಾಣುತ್ತವೆ. ನೆಂಟರ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದರೆ ಅದೂ ನಿಮ್ಮ ವರದಿಯಲ್ಲಿರುತ್ತದೆ. ಅವರು ಕಂತು ತಪ್ಪಿಸಿದರೆ ಬಿಸಿ ನಿಮಗೂ ತಟ್ಟುತ್ತದೆ. ಇನ್ನೊಂದು ತೊಡಕು ಹೆಸರಿನದು. ಒಂದೇ ಊರಿನಲ್ಲಿ ಒಂದೇ ಹೆಸರಿನವರು ಹಲವರಿರುವುದು, ಇನಿಷಿಯಲ್ ಒಂದು ದಾಖಲೆಯಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು ನಮ್ಮಲ್ಲಿ ಮಾಮೂಲು. ಇದರಿಂದ ಬೇರೆಯವರ ಸಾಲ ನಿಮ್ಮ ವರದಿಗೆ ಬಂದು ಕೂರುವ ಸಾಧ್ಯತೆಯಿದೆ. ನಿಮ್ಮದಲ್ಲದ ಖಾತೆ ಕಂಡರೆ ಅದನ್ನು ತೆಗೆಸಿದ ಮೇಲೆಯೇ ಅರ್ಜಿಯ ಮಾತು. ತೆಗೆಸುವ ಕ್ರಮವನ್ನು ಆರನೆಯ ಹಂತದಲ್ಲಿ ಹೇಳಿದ್ದೇನೆ.

ಹಂತ 2: ಇದು ಸರಿಯಾದ ಸಮಯವೇ ಎಂದು ನಿರ್ಧರಿಸಿ

ಮುಂದಿನ ಆರು ತಿಂಗಳಲ್ಲಿ ಮನೆ ಸಾಲಕ್ಕೋ ದೊಡ್ಡ ವಾಹನ ಸಾಲಕ್ಕೋ ಅರ್ಜಿ ಹಾಕುವವರಿದ್ದರೆ ಈಗ ಹೊಸ ಕಾರ್ಡ್ ಬೇಡ. ಇದು ಕಾನೂನಿನಲ್ಲಿರುವ ನಿಯಮವಲ್ಲ, ಸುರಕ್ಷಿತವಾಗಿರಲಿ ಎಂದು ನಾನು ಹೇಳುವ ಅವಧಿ. ಕಾರಣವಿಷ್ಟೆ: ಎನ್‌ಕ್ವೈರಿಯ ಇಳಿಕೆ, ಸರಾಸರಿ ವಯಸ್ಸಿನ ಇಳಿಕೆ ಎರಡೂ ಒಟ್ಟಿಗೆ ಬೀಳುವುದು ಮೊದಲ ಕೆಲವು ತಿಂಗಳಲ್ಲೇ, ಮತ್ತು ಬ್ಯಾಂಕುಗಳು ಮನೆ ಸಾಲದ ಬಡ್ಡಿಯನ್ನು ಸ್ಕೋರಿನ ಅಂತಸ್ತು ನೋಡಿ ನಿಗದಿ ಮಾಡುವುದುಂಟು. ಅಂತಸ್ತಿನ ಅಂಚಿನಲ್ಲಿರುವವರಿಗೆ ಹತ್ತು ಅಂಕವೂ ದೊಡ್ಡದೇ.

ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಲೆಕ್ಕ ನೋಡಿ. 25 ಲಕ್ಷ ರೂಪಾಯಿ ಮನೆ ಸಾಲ, 20 ವರ್ಷದ ಅವಧಿ ಎಂದಿಟ್ಟುಕೊಳ್ಳಿ. ಬಡ್ಡಿ ಶೇಕಡ 8.5 ಆದರೆ ತಿಂಗಳ ಕಂತು ಸುಮಾರು 21,696 ರೂಪಾಯಿ. ಶೇಕಡ 9 ಆದರೆ ಸುಮಾರು 22,493 ರೂಪಾಯಿ. ತಿಂಗಳಿಗೆ 800 ರೂಪಾಯಿಯಷ್ಟು ವ್ಯತ್ಯಾಸ, 240 ಕಂತುಗಳಿಗೆ ಸುಮಾರು 1.9 ಲಕ್ಷ. ಕಾರ್ಡಿನ ಜೊತೆಗೆ ಸಿಗುವ ಸ್ವಾಗತದ ಗಿಫ್ಟ್ ವೋಚರು, ಸಿನಿಮಾ ಟಿಕೆಟ್ಟಿನ ರಿಯಾಯಿತಿ ಇದರ ಮುಂದೆ ಏನೇನೂ ಅಲ್ಲ. ಮನೆ ಸಾಲ ಪೂರ್ತಿ ಬಿಡುಗಡೆಯಾಗಿ ಹಣ ಕೈಸೇರುವವರೆಗೂ ತಡೆದುಕೊಳ್ಳಿ. ಮಂಜೂರಾತಿ ಪತ್ರ ಬಂದ ಮೇಲೂ ಹಣ ಬಿಡುವ ಮುಂಚೆ ಬ್ಯಾಂಕು ವರದಿಯನ್ನು ಇನ್ನೊಮ್ಮೆ ನೋಡಬಹುದು.

ಇದಕ್ಕೆ ವಿರುದ್ಧವಾದ ಸ್ಥಿತಿಯೂ ಇದೆ. ಈವರೆಗೆ ಒಂದು ಸಾಲವನ್ನೂ ಮಾಡದವರ ವರದಿಯಲ್ಲಿ ಅಂಕದ ಬದಲು ಎನ್‌ಎಚ್ ಅಥವಾ -1 ಎಂದಿರುತ್ತದೆ. ಚರಿತ್ರೆಯೇ ಇಲ್ಲ ಎಂದು ಅದರ ಅರ್ಥ. ಸಾಲವಿಲ್ಲದೆ ಬದುಕಿದ್ದು ಒಳ್ಳೆಯ ಗುಣವೇ, ಆದರೆ ಬ್ಯಾಂಕಿಗೆ ನಿಮ್ಮನ್ನು ಅಳೆಯಲು ಏನೂ ಸಿಗುವುದಿಲ್ಲ. ಇಂಥವರಿಗೆ ಎರಡು ಮೂರು ವರ್ಷದಲ್ಲಿ ಮನೆ ಸಾಲದ ಯೋಚನೆಯಿದ್ದರೆ ಈಗಲೇ ಒಂದು ಕಾರ್ಡ್ ತೆಗೆದುಕೊಂಡು ಚರಿತ್ರೆ ಕಟ್ಟಲು ಶುರುಮಾಡುವುದು ಜಾಣತನ.

ಹಂತ 3: ಒಂದೇ ಕಾರ್ಡ್ ಆರಿಸಿ, ಒಂದೇ ಅರ್ಜಿ ಹಾಕಿ

ನಿಮ್ಮ ಸಂಬಳ ಅಥವಾ ವ್ಯವಹಾರದ ಹಣ ಬಂದು ಬೀಳುವ ಬ್ಯಾಂಕಿನಿಂದಲೇ ಆರಂಭಿಸಿ. ನಿಮ್ಮ ಖಾತೆಯ ನಡವಳಿಕೆ ಅವರಿಗೆ ಗೊತ್ತಿರುವುದರಿಂದ ಅರ್ಜಿ ತಿರಸ್ಕೃತವಾಗುವ ಸಂಭವ ಕಡಿಮೆ. ಮೊಬೈಲ್ ಬ್ಯಾಂಕಿಂಗಿನಲ್ಲಿ 'ಪ್ರೀ ಅಪ್ರೂವ್ಡ್' ಎಂದು ತೋರಿಸುತ್ತಿದ್ದರೆ, ಅಂದರೆ ಬ್ಯಾಂಕು ತಾನಾಗಿಯೇ ಅರ್ಹರೆಂದು ಗುರುತಿಸಿದ್ದರೆ, ಅದು ಇನ್ನೂ ಸುಲಭ. ಆದರೂ ಅರ್ಜಿಯ ಗುಂಡಿ ಒತ್ತಿದಾಗ ಹಾರ್ಡ್ ಎನ್‌ಕ್ವೈರಿ ಆಗಬಹುದು ಎಂಬುದು ನೆನಪಿರಲಿ.

ಸಂಬಳದ ಚೀಟಿಯಿಲ್ಲದವರಿಗೆ, ಹೈನುಗಾರಿಕೆ, ರೇಷ್ಮೆ, ತರಕಾರಿ ವ್ಯಾಪಾರ ಮಾಡುವವರಿಗೆ, ಸ್ಕೋರ್ ಇಲ್ಲದವರಿಗೆ ಅಥವಾ ಸ್ಕೋರ್ ಕೆಟ್ಟಿರುವವರಿಗೆ ನಾನು ಸೂಚಿಸುವುದು ಠೇವಣಿಯ ಮೇಲಿನ ಕಾರ್ಡ್. ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟರೆ ಅದನ್ನೇ ಆಧಾರವಾಗಿಟ್ಟುಕೊಂಡು ಠೇವಣಿಗಿಂತ ಸ್ವಲ್ಪ ಕಡಿಮೆ ಅಥವಾ ಅದರಷ್ಟೇ ಲಿಮಿಟ್ಟಿನ ಕಾರ್ಡ್ ಕೊಡುತ್ತಾರೆ. ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಆದಾಯದ ದಾಖಲೆಯನ್ನು ಅಷ್ಟಾಗಿ ಕೇಳುವುದಿಲ್ಲ. ಇದರ ಮರುಪಾವತಿಯೂ ಬೇರೆ ಕಾರ್ಡುಗಳಂತೆಯೇ ವರದಿಗೆ ಹೋಗುತ್ತದೆ. ಹತ್ತಿಪ್ಪತ್ತು ಸಾವಿರದ ಠೇವಣಿಯಿಂದಲೇ ಶುರುಮಾಡಬಹುದಾದ ಈ ದಾರಿಯನ್ನು ನಮ್ಮ ಜಿಲ್ಲೆಗಳಲ್ಲಿ ಇನ್ನೂ ಹೆಚ್ಚು ಜನ ಬಳಸಬೇಕೆಂಬುದು ನನ್ನ ಆಸೆ.

ಎಚ್ಚರಿಕೆಯ ಮಾತು. ಬಸ್ ನಿಲ್ದಾಣದ ಬಳಿ, ಪೆಟ್ರೋಲ್ ಬಂಕಿನಲ್ಲಿ, ಕಾರ್ಖಾನೆಯ ಗೇಟಿನಲ್ಲಿ ಟ್ಯಾಬ್ ಹಿಡಿದು ನಿಂತ ಏಜೆಂಟರು "ಬರೀ ಎಲಿಜಿಬಿಲಿಟಿ ನೋಡ್ತೀವಿ ಸಾರ್" ಎಂದು ಪ್ಯಾನ್ ಸಂಖ್ಯೆ ಕೇಳಿ, ಒಟಿಪಿ ತೆಗೆದುಕೊಂಡು, ಒಂದು ಬ್ಯಾಂಕು ಒಪ್ಪದಿದ್ದರೆ ಇನ್ನೊಂದು, ಅದೂ ಆಗದಿದ್ದರೆ ಮತ್ತೊಂದಕ್ಕೆ ಅರ್ಜಿ ಹಾಕಿಬಿಡುತ್ತಾರೆ. ಹತ್ತು ನಿಮಿಷದಲ್ಲಿ ಮೂರು ಹಾರ್ಡ್ ಎನ್‌ಕ್ವೈರಿ. ವರದಿಯಲ್ಲಿ ಯಾವ ಬ್ಯಾಂಕು, ಯಾವ ದಿನ, ಯಾವ ಬಗೆಯ ಸಾಲಕ್ಕಾಗಿ ನೋಡಿತು ಎಂಬುದು ಸಾಲಾಗಿ ಬರುತ್ತದೆ. ಅರ್ಜಿ ತಿರಸ್ಕೃತವಾಯಿತೆಂದು ಅಲ್ಲಿ ಬರೆದಿರುವುದಿಲ್ಲ ನಿಜ. ಆದರೆ ಒಂದೇ ವಾರದಲ್ಲಿ ಮೂರು ಎನ್‌ಕ್ವೈರಿಯಿದ್ದು ಒಂದೂ ಹೊಸ ಖಾತೆಯಿಲ್ಲದಿದ್ದರೆ, ಈ ಮನುಷ್ಯ ಹಣಕ್ಕೆ ಪರದಾಡುತ್ತಿದ್ದಾನೆ, ಯಾರೂ ಕೊಟ್ಟಿಲ್ಲ ಎಂದು ಓದುವವರು ಊಹಿಸಿಕೊಳ್ಳುತ್ತಾರೆ. ಸಾಲದ ಆ್ಯಪುಗಳಲ್ಲೂ 'ಆಫರ್ ನೋಡಿ' ಎಂಬ ಗುಂಡಿಯ ಹಿಂದೆ ನಿಮ್ಮ ಒಪ್ಪಿಗೆ ಅಡಗಿರುತ್ತದೆ. ಟಿಕ್ ಹಾಕುವ ಮುಂಚೆ ಓದಿ. ಯಾವುದೇ ಸಂಸ್ಥೆ ನಿಮ್ಮ ವರದಿಯನ್ನು ತೆಗೆದು ನೋಡಿದಾಗ ನಿಮಗೆ ಎಸ್ಎಂಎಸ್ ಅಥವಾ ಇಮೇಲ್ ಮೂಲಕ ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಆ ಸಂದೇಶಗಳನ್ನು ಜಾಹೀರಾತೆಂದು ಅಳಿಸಿಬಿಡಬೇಡಿ.

ಅರ್ಜಿ ತಿರಸ್ಕೃತವಾದರೆ ಕಾರಣ ಕೇಳಿ ತಿಳಿಯಿರಿ, ಕನಿಷ್ಠ ಮೂರು ತಿಂಗಳಿಂದ ಆರು ತಿಂಗಳು ಬಿಟ್ಟು ಮತ್ತೆ ಪ್ರಯತ್ನಿಸಿ. ಸಿಟ್ಟಿನಲ್ಲಿ ಮರುದಿನವೇ ಬೇರೆ ಬ್ಯಾಂಕಿಗೆ ಓಡುವುದರಿಂದ ಎನ್‌ಕ್ವೈರಿಯ ಪಟ್ಟಿ ಇನ್ನೊಂದು ಸಾಲು ಉದ್ದವಾಗುತ್ತದೆ, ಅಷ್ಟೆ.

ಹಂತ 4: ಕಾರ್ಡ್ ಮನೆಗೆ ಬಂದ ವಾರದಲ್ಲಿ ಮಾಡಬೇಕಾದವು

ರಿಸರ್ವ್ ಬ್ಯಾಂಕಿನ 2022ರ ಕಾರ್ಡ್ ನಿರ್ದೇಶನಗಳು ಗ್ರಾಹಕರಿಗೆ ಒಳ್ಳೆಯ ರಕ್ಷಣೆ ಕೊಟ್ಟಿವೆ. ಕೇಳದೆಯೇ ಕಾರ್ಡ್ ಕಳುಹಿಸುವಂತಿಲ್ಲ. ಕಾರ್ಡನ್ನು ಸಕ್ರಿಯಗೊಳಿಸುವ ಮೊದಲು ಅದರ ಮಾಹಿತಿಯನ್ನು ಸಾಲ ಮಾಹಿತಿ ಸಂಸ್ಥೆಗಳಿಗೆ ಕೊಡುವಂತಿಲ್ಲ. ಕಾರ್ಡ್ ಹೊರಟು 30 ದಿನವಾದರೂ ನೀವು ಸಕ್ರಿಯಗೊಳಿಸದಿದ್ದರೆ ಬ್ಯಾಂಕು ಒಟಿಪಿ ಮೂಲಕ ನಿಮ್ಮ ಒಪ್ಪಿಗೆ ಕೇಳಬೇಕು, ಒಪ್ಪದಿದ್ದರೆ ಶುಲ್ಕವಿಲ್ಲದೆ ಖಾತೆ ಮುಚ್ಚಬೇಕು. ಆದ್ದರಿಂದ ಮನಸ್ಸು ಬದಲಾಗಿದ್ದರೆ ಕಾರ್ಡನ್ನು ಸಕ್ರಿಯಗೊಳಿಸದೆ ಬಿಡುವುದೇ ಸುಲಭದ ದಾರಿ. ಆಗಿಹೋದ ಎನ್‌ಕ್ವೈರಿ ಮಾತ್ರ ಉಳಿದುಕೊಳ್ಳುತ್ತದೆ.

ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದರೆ ಮೂರು ದಿನಾಂಕಗಳನ್ನು ಒಂದು ಕಡೆ ಬರೆದಿಡಿ: ಬಿಲ್ಲಾಗುವ ದಿನ, ಕಟ್ಟಲು ಕೊನೆಯ ದಿನ ಮತ್ತು ನಿಮ್ಮ ಖಾತೆಗೆ ಹಣ ಬರುವ ದಿನ. ಇವು ಒಂದಕ್ಕೊಂದು ಹೊಂದದಿದ್ದರೆ ಬಿಲ್ಲಿನ ದಿನವನ್ನು ಬದಲಿಸಿಕೊಡಿ ಎಂದು ಬ್ಯಾಂಕನ್ನು ಕೇಳಬಹುದು. ಅದೇ ನಿರ್ದೇಶನಗಳು ಈ ಹಕ್ಕನ್ನೂ ಕೊಟ್ಟಿವೆ. ತಿಂಗಳ ಮೊದಲ ವಾರ ಸಂಬಳ ಬರುವವರು ಗಡುವು 10ನೇ ತಾರೀಖಿನ ಹೊತ್ತಿಗೆ ಬರುವಂತೆ ನೋಡಿಕೊಳ್ಳಲಿ. ಡೇರಿಯ ಹಾಲಿನ ಬಟವಾಡೆಯನ್ನು ನಂಬಿದವರು ಬಟವಾಡೆಯ ಹಣ ಖಾತೆಗೆ ಜಮಾ ಆದ ನಾಲ್ಕೈದು ದಿನದ ಮೇಲೆ ಗಡುವು ಬರುವಂತೆ ಇಟ್ಟುಕೊಳ್ಳಲಿ.

ಆಮೇಲೆ ಆಟೋ ಡೆಬಿಟ್ ಹಾಕಿಸಿ, ಅಂದರೆ ಗಡುವಿನ ದಿನ ಉಳಿತಾಯ ಖಾತೆಯಿಂದ ಹಣ ತಾನಾಗಿ ಕಡಿತವಾಗುವ ವ್ಯವಸ್ಥೆ. ಅದರಲ್ಲಿ 'ಮಿನಿಮಮ್ ಡ್ಯೂ', 'ಟೋಟಲ್ ಡ್ಯೂ' ಎಂದು ಎರಡು ಆಯ್ಕೆಗಳಿರುತ್ತವೆ. ಎರಡನೆಯದನ್ನೇ, ಅಂದರೆ ಪೂರ್ತಿ ಮೊತ್ತವನ್ನೇ ಆರಿಸಿ. ಸಾಕಷ್ಟು ಹಣವಿಲ್ಲದೆ ಆಟೋ ಡೆಬಿಟ್ ಹಿಂದಿರುಗಿದರೆ ಎರಡೂ ಕಡೆ ದಂಡ ಬೀಳುತ್ತದೆ, ಹಾಗಾಗಿ ಗಡುವಿಗೆ ಎರಡು ದಿನ ಮುಂಚೆ ಖಾತೆ ನೋಡುವ ಅಭ್ಯಾಸ ಬಿಡಬೇಡಿ.

ಹಂತ 5: ಮೊದಲ ಆರು ತಿಂಗಳು

ಸ್ಕೋರ್ ಏರುವುದೋ ಇಳಿಯುವುದೋ ತೀರ್ಮಾನವಾಗುವುದು ಈ ಅವಧಿಯಲ್ಲಿ. ಮೊದಲು ಲಿಮಿಟ್ಟಿನ ಲೆಕ್ಕ. ನಿಮ್ಮ ಹಳೆಯ ಕಾರ್ಡಿನ ಲಿಮಿಟ್ 40,000 ರೂಪಾಯಿ, ತಿಂಗಳ ಖರ್ಚು 24,000 ರೂಪಾಯಿ ಎಂದುಕೊಳ್ಳಿ. ಬಳಕೆ ಶೇಕಡ 60; ಇದು ಹೆಚ್ಚು. ಈಗ 60,000 ಲಿಮಿಟ್ಟಿನ ಹೊಸ ಕಾರ್ಡ್ ಬಂತು. ಒಟ್ಟು ಲಿಮಿಟ್ 1,00,000 ಆಯಿತು. ಖರ್ಚು ಅದೇ 24,000 ಇದ್ದರೆ ಬಳಕೆ ಶೇಕಡ 24ಕ್ಕೆ ಇಳಿಯುತ್ತದೆ. ಶೇಕಡ 30ರ ಒಳಗಿದ್ದರೆ ಒಳ್ಳೆಯದೆಂಬುದು ಎಲ್ಲರೂ ಅನುಸರಿಸುವ ಸಾಮಾನ್ಯ ಮಿತಿ. ಎನ್‌ಕ್ವೈರಿಯಿಂದ ಹೋದ ಅಂಕವನ್ನು ಮರಳಿ ತರುವುದು ಈ ಇಳಿಕೆಯೇ. ಆದರೆ ಹೊಸ ಲಿಮಿಟ್ ಸಿಕ್ಕಿತೆಂದು ಖರ್ಚನ್ನೂ 60,000ಕ್ಕೆ ಏರಿಸಿದರೆ ಬಳಕೆ ಮತ್ತೆ ಶೇಕಡ 60ಕ್ಕೇ ಬಂದು ನಿಂತಿತು. ಜೊತೆಗೆ ಎನ್‌ಕ್ವೈರಿ, ಹೊಸ ಖಾತೆ, ಹೆಚ್ಚಿದ ಸಾಲ ಮೂರೂ ಸೇರಿಕೊಂಡವು. ಫ್ರಿಜ್ಜೋ ಫೋನೋ ಕೊಂಡು ಕಂತಿಗೆ ಬದಲಾಯಿಸಿದರೂ ಉಳಿದ ಕಂತುಗಳ ಮೊತ್ತ ಲಿಮಿಟ್ಟಿನಲ್ಲಿ ಜಾಗ ಹಿಡಿದುಕೊಂಡೇ ಇರುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಮದುವೆ, ಮನೆ ಪ್ರವೇಶ ಎಂದು ಯಾವುದಾದರೂ ತಿಂಗಳು ಹೆಚ್ಚು ಖರ್ಚಾದರೆ ಬಿಲ್ಲಾಗುವವರೆಗೆ ಕಾಯಬೇಡಿ. ಬಿಲ್ಲಿನ ದಿನಕ್ಕೆ ಮೊದಲೇ ಒಂದಷ್ಟು ಮೊತ್ತ ಕಟ್ಟಿಬಿಡಿ. ಬ್ಯಾಂಕುಗಳು 2025ರ ಜನವರಿ 1ರಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ನಿಮ್ಮ ವಿವರವನ್ನು ಕಳುಹಿಸಬೇಕಾಗಿದೆ. ಮೊದಲೆಲ್ಲ ತಿಂಗಳಿಗೊಮ್ಮೆ ಇದ್ದ ಈ ವ್ಯವಸ್ಥೆ ಚುರುಕಾಗಿರುವುದರಿಂದ ಒಳ್ಳೆಯ ನಡವಳಿಕೆಯೂ ಬೇಗ ಕಾಣುತ್ತದೆ, ತಪ್ಪೂ ಬೇಗ ಕಾಣುತ್ತದೆ.

ಇನ್ನು ಮಿನಿಮಮ್ ಡ್ಯೂ, ಅಂದರೆ ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ. ಇದನ್ನಷ್ಟೇ ಕಟ್ಟಿದರೆ ವರದಿಯ ಚೌಕದಲ್ಲಿ 000 ಎಂದೇ ಬೀಳುತ್ತದೆ, ತಡವೆಂದು ದಾಖಲಾಗುವುದಿಲ್ಲ. ಆದ್ದರಿಂದಲೇ ಜನ ಇದನ್ನು ನಿರಪಾಯವೆಂದು ತಿಳಿಯುತ್ತಾರೆ. ಲೆಕ್ಕ ಹೀಗಿದೆ. 20,000 ರೂಪಾಯಿ ಬಿಲ್ಲಿಗೆ ಶೇಕಡ 5, ಅಂದರೆ 1,000 ರೂಪಾಯಿ ಕಟ್ಟಿದಿರಿ. ಉಳಿದ 19,000ಕ್ಕೆ ತಿಂಗಳಿಗೆ ಶೇಕಡ 3.5ರಂತೆ 665 ರೂಪಾಯಿ ಬಡ್ಡಿ, ಬಡ್ಡಿಯ ಮೇಲೆ ಶೇಕಡ 18 ಜಿಎಸ್‌ಟಿ ಸುಮಾರು 120 ರೂಪಾಯಿ, ಒಟ್ಟು 785. ಮುಂದಿನ ತಿಂಗಳು ನೀವು ಕಟ್ಟುವ ಸಾವಿರದಲ್ಲಿ ಅಸಲಿಗೆ ಹೋಗುವುದು ಇನ್ನೂರು ಚಿಲ್ಲರೆ ಮಾತ್ರ. ಬಾಕಿ ಉಳಿದಿರುವಷ್ಟು ಕಾಲ ಹೊಸ ಖರೀದಿಗೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ. ಹೀಗೆ ಬಾಕಿ ಕರಗದೆ ಲಿಮಿಟ್ ತುಂಬುತ್ತ ಬರುತ್ತದೆ, ಬಳಕೆಯ ಪ್ರಮಾಣ ಶೇಕಡ 80, 90ಕ್ಕೆ ಏರುತ್ತದೆ, ಒಂದು ದಿನವೂ ತಡ ಮಾಡದವರ ಸ್ಕೋರೂ ಕುಸಿಯುತ್ತದೆ. ಆ ಸಾವಿರವೂ ಹೊಂದದ ತಿಂಗಳು ಬಂದಾಗ 030 ಬೀಳುತ್ತದೆ. ಈ ಸ್ಥಿತಿಗೆ ಬಂದಿರುವವರು ಒಂದು ಕಾರ್ಡಿನ ಬಾಕಿ ತೀರಿಸಲು ಇನ್ನೊಂದು ಕಾರ್ಡಿಗೆ ಅರ್ಜಿ ಹಾಕಬೇಡಿ. ಕಡಿಮೆ ಬಡ್ಡಿಯ ಚಿನ್ನದ ಸಾಲವನ್ನೋ ಬ್ಯಾಂಕಿನ ವೈಯಕ್ತಿಕ ಸಾಲವನ್ನೋ ತೆಗೆದು ಕಾರ್ಡನ್ನು ಪೂರ್ತಿ ತೀರಿಸುವುದು ವಾಸಿ.

ಗಡುವು ಒಂದೆರಡು ದಿನ ತಪ್ಪಿದರೆ ಕೂಡಲೇ ಕಟ್ಟಿ. ಗಡುವು ದಾಟಿ ಮೂರು ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಮಾತ್ರ ಬ್ಯಾಂಕು ಅದನ್ನು ಬಾಕಿಯೆಂದು ವರದಿ ಮಾಡಬಹುದು, ತಡಪಾವತಿ ಶುಲ್ಕವನ್ನೂ ಆಗಲೇ ಹಾಕಬಹುದು. ನಾಲ್ಕನೆಯ ದಿನ ಬಂತೆಂದರೆ ಲೆಕ್ಕ ಗಡುವಿನ ದಿನದಿಂದಲೇ ಶುರುವಾಗುತ್ತದೆ. ಹಾಗಾಗಿ ಈ ಮೂರು ದಿನವನ್ನು ಪ್ರತಿ ತಿಂಗಳ ಅವಕಾಶವೆಂದು ಬಳಸಿಕೊಳ್ಳಬಾರದು.

ಹೆಂಡತಿಗೋ ಮಗನಿಗೋ ನಿಮ್ಮ ಹೆಸರಿನ ಮೇಲೆ ಹೆಚ್ಚುವರಿ ಕಾರ್ಡ್ ಕೊಡಿಸಿದ್ದರೆ ಅವರ ಖರ್ಚೂ ನಿಮ್ಮ ಲೆಕ್ಕಕ್ಕೇ ಬರುತ್ತದೆ, ಹೊಣೆಯೂ ನಿಮ್ಮದೇ.

ಹಂತ 6: ವರದಿಯನ್ನು ಮತ್ತೆ ನೋಡಿ, ತಪ್ಪಿದ್ದರೆ ತಿದ್ದಿಸಿ

ಕಾರ್ಡ್ ಬಂದು ಮೂರು ತಿಂಗಳಾದ ಮೇಲೆ ಬೇರೊಂದು ಸಂಸ್ಥೆಯ ಉಚಿತ ವರದಿ ತೆಗೆಯಿರಿ. ಹೊಸ ಕಾರ್ಡಿನ ಲಿಮಿಟ್ ಸರಿಯಾಗಿ ದಾಖಲಾಗಿದೆಯೇ, ಚೌಕಗಳಲ್ಲಿ 000 ಇದೆಯೇ, ನೀವು ಕೊಡದ ಅರ್ಜಿಯ ಎನ್‌ಕ್ವೈರಿ ಇದೆಯೇ ಎಂದು ನೋಡಿ. ತಪ್ಪಿದ್ದರೆ ಆ ಸಂಸ್ಥೆಯ ಜಾಲತಾಣದಲ್ಲಿಯೇ ತಕರಾರು ದಾಖಲಿಸಿ, ಅದಕ್ಕೆ ಶುಲ್ಕವಿಲ್ಲ. ಸಂಬಂಧಪಟ್ಟ ಬ್ಯಾಂಕಿಗೂ ಲಿಖಿತವಾಗಿ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. 30 ದಿನದೊಳಗೆ ಬಗೆಹರಿಯದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು. ಈ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅಲ್ಲಿಯೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ರಿಸರ್ವ್ ಬ್ಯಾಂಕಿನದೇ ಆದ ಸಿಎಂಎಸ್ ಜಾಲತಾಣದ ಮೂಲಕ ದೂರು ಕೊಡಬಹುದು. ದೂರು ಕೊಡುವ ಬಗೆ ತಿಳಿಯಲು 14448 ಸಂಖ್ಯೆಗೆ ಕರೆ ಮಾಡಿ.

"ನಿಮ್ಮ ಸಿಬಿಲ್ ಸರಿಮಾಡಿಸಿ ಕೊಡುತ್ತೇವೆ, ಇಷ್ಟು ಸಾವಿರ ಕೊಡಿ" ಎನ್ನುವವರನ್ನು ನಂಬಬೇಡಿ. ತಪ್ಪು ಮಾಹಿತಿಯನ್ನು ನೀವೇ ಉಚಿತವಾಗಿ ತೆಗೆಸಬಹುದು. ನಿಜವಾದ ಮಾಹಿತಿಯನ್ನು ಯಾವ ಏಜೆಂಟನೂ ಅಳಿಸಲಾರ.

ಹಂತ 7: ಹಳೆಯ ಕಾರ್ಡನ್ನು ಇಟ್ಟುಕೊಳ್ಳಬೇಕೇ, ಮುಚ್ಚಬೇಕೇ

ಹೊಸದು ಬಂತೆಂದು ಹಳೆಯದನ್ನು ಆತುರದಲ್ಲಿ ಮುಚ್ಚಬೇಡಿ. ಮೇಲಿನ ಲೆಕ್ಕದಲ್ಲಿ 40,000ದ ಹಳೆಯ ಕಾರ್ಡನ್ನು ಮುಚ್ಚಿದರೆ ಒಟ್ಟು ಲಿಮಿಟ್ 60,000ಕ್ಕೆ ಇಳಿದು ಬಳಕೆ ಶೇಕಡ 24ರಿಂದ 40ಕ್ಕೆ ಏರುತ್ತದೆ. ವಾರ್ಷಿಕ ಶುಲ್ಕವಿಲ್ಲದ ಹಳೆಯ ಕಾರ್ಡಿದ್ದರೆ ಇಟ್ಟುಕೊಂಡು, ಎರಡು ಮೂರು ತಿಂಗಳಿಗೊಮ್ಮೆ ಪೆಟ್ರೋಲಿಗೋ ವಿದ್ಯುತ್ ಬಿಲ್ಲಿಗೋ ಬಳಸಿ ಪೂರ್ತಿ ಕಟ್ಟುತ್ತಿರಿ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಳಸದಿದ್ದರೆ ನಿಮಗೆ ತಿಳಿಸಿ ಖಾತೆ ಮುಚ್ಚುವ ಪ್ರಕ್ರಿಯೆಯನ್ನು ಬ್ಯಾಂಕೇ ಆರಂಭಿಸಬಹುದು.

ಶುಲ್ಕವಿರುವ, ಬಳಸದ ಕಾರ್ಡು ಮಾತ್ರ ಅಪಾಯಕಾರಿ. ಬೀರುವಿನಲ್ಲಿಟ್ಟು ಮರೆತ ಕಾರ್ಡಿಗೆ 500 ರೂಪಾಯಿ ವಾರ್ಷಿಕ ಶುಲ್ಕ, 90 ರೂಪಾಯಿ ಜಿಎಸ್‌ಟಿ ಸೇರಿ 590 ರೂಪಾಯಿ ಬಿಲ್ಲಾಗುತ್ತದೆ. ಬಿಲ್ಲು ಹಳೆಯ ವಿಳಾಸಕ್ಕೋ ಬದಲಾಯಿಸಿದ ಮೊಬೈಲ್ ಸಂಖ್ಯೆಗೋ ಹೋಗುತ್ತದೆ. ಆರು ತಿಂಗಳ ಮೇಲೆ ಮನೆ ಸಾಲಕ್ಕೆ ಹೋದಾಗ ವರದಿಯಲ್ಲಿ 030, 060, 090 ಎಂದು ಸಾಲಾಗಿ ಕಾಣುತ್ತದೆ. ಬ್ಯಾಂಕಿನ ದೃಷ್ಟಿಯಲ್ಲಿ 590 ರೂಪಾಯಿಯ ಬಾಕಿಯೂ ಬಾಕಿಯೇ. ಇಂಥ ಕಾರ್ಡನ್ನು ಶುಲ್ಕ ಬೀಳುವ ತಿಂಗಳಿಗೆ ಮುಂಚೆಯೇ ಮುಚ್ಚಿಸಿ.

ಮುಚ್ಚಿಸುವಾಗ ಮೊದಲು ಪೂರ್ತಿ ಬಾಕಿ ಕಟ್ಟಿ, ಆ ಕಾರ್ಡಿನಿಂದ ತಾನಾಗಿ ಕಡಿತವಾಗುವ ಚಂದಾಗಳನ್ನೆಲ್ಲ ನಿಲ್ಲಿಸಿ, ಆಮೇಲೆ ಲಿಖಿತವಾಗಿ ಕೋರಿಕೆ ಕೊಡಿ. ಬಾಕಿಯಿಲ್ಲದಿದ್ದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ಮುಚ್ಚುವವರೆಗೆ ದಿನಕ್ಕೆ 500 ರೂಪಾಯಿಯಂತೆ ದಂಡವನ್ನು ಬ್ಯಾಂಕು ನಿಮಗೆ ಕೊಡಬೇಕು. ಖಾತೆ ಮುಚ್ಚಿದ ದೃಢೀಕರಣ ಮತ್ತು ಬಾಕಿಯಿಲ್ಲವೆಂಬ ಪತ್ರ ಎರಡನ್ನೂ ಪಡೆದು ಸಾಲದ ಕಾಗದಪತ್ರಗಳ ಜೊತೆ ಇಡಿ. ಒಂದೆರಡು ತಿಂಗಳ ಮೇಲೆ ವರದಿ ತೆಗೆದಾಗ ಆ ಖಾತೆಯ ಮುಂದೆ 'ಕ್ಲೋಸ್ಡ್' ಎಂದಿದೆಯೇ, ಬಾಕಿಯ ಜಾಗದಲ್ಲಿ ಸೊನ್ನೆ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಆ ಪತ್ರದ ಪ್ರತಿ ಲಗತ್ತಿಸಿ ಆರನೆಯ ಹಂತದಲ್ಲಿ ಹೇಳಿದಂತೆ ತಕರಾರು ಕೊಡಿ.